ಇಮಾಮಸಾಬರ ರೇಡಿಯೋ

ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎನ್ನುವವರನ್ನು ನಾನು ಎಂದೂ ನಂಬಿದವನಲ್ಲ. ರೇಡಿಯೋ ರಿಪೇರಿ ಮಾಡುವವನಿಗೆ ಅಂಥ ನಂಬಿಕೆ ಬರುವುದೂ ಕಷ್ಟ. ಪೆಟ್ಟಿಗೆಯೊಳಗೆ ಯಾರೋ ನರಳುತ್ತಾರೆ ಎಂದು ಹೆದರಿ ಬಂದ ಗಿರಾಕಿಗಳನ್ನು ಕಂಡು ಎಷ್ಟೋ ಸಲ ನಕ್ಕಿದ್ದೇನೆ. ಆದ್ದರಿಂದ ನೀವು ಇದನ್ನು ಓದಿ ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಚೆಂಬೂರು ರೈಲ್ವೆ ಸ್ಟೇಷನ್ನಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇತ್ತು. ಟ್ರಾನ್ಸಿಸ್ಟರ್ ಬಂದು, ಗಾಜಿನ ವಾಲ್ವಿನ ದೊಡ್ಡ ರೇಡಿಯೋಗಳು ಮೂಲೆ ಸೇರುತ್ತಿದ್ದ ಕಾಲ. ಒಂದು ಬೆಳಿಗ್ಗೆ ಮುಮ್ತಾಜ್ ಎಂಬ ನಡುವಯಸ್ಸಿನ ಹೆಂಗಸು ಬಂದರು. ವಿಜಾಪುರದ ಕಡೆಯಿಂದ ಬಂದು ನೆಲೆಸಿದವರು. ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಅವರ ತಂದೆ ಇಮಾಮಸಾಬರು ದಮ್ಮು ಹೆಚ್ಚಾಗಿ ಹಾಸಿಗೆ ಹಿಡಿದಿದ್ದರು.

"ಅಬ್ಬಾಗ ಸಂಜಿಮುಂದ ಧಾರವಾಡ ಸ್ಟೇಷನ್ ಕೇಳಬೇಕಾಗೇದ್ರಿ. ರೇಡಿಯೋ ಹಚ್ಚಿದ್ರ ಹತ್ತ ಮಿನಿಟಿನ್ಯಾಗ ಸ್ಟೇಷನ್ ಸರಕೊಂಡ ಹೋಗ್ತದ. ಡಾಕ್ಟರೂ ಕೈ ಬಿಟ್ಟಾರ. ಇಷ್ಟರ ಮಾಡಿ ಕೊಡ್ರಿ, ಭಾಯಿಸಾಬ್," ಎಂದರು.

ಒಂದೊಂದೇ ಕೋಣೆಯ ಸಾಲುಮನೆಗಳಿದ್ದ ಅವರ ಚಾಳಿಗೆ ಹೋದೆ. ಮುದುಕರ ತಲೆದೆಸೆಯಲ್ಲಿ, ಮಂಚಕ್ಕೆ ತಾಗಿದ ಹಲಗೆಯ ಮೇಲೆ ರೇಡಿಯೋ ಇತ್ತು. ಹಚ್ಚಿ ನೋಡಿದೆ. ಯಾವ ಸ್ಟೇಷನ್ನೂ ನಿಲ್ಲುತ್ತಿರಲಿಲ್ಲ. ಹಾಡು ಮಾತುಗಳ ಅಡಿಯಲ್ಲಿ ಗುಂಯ್ ಎನ್ನುವ ಸದ್ದು ಉಬ್ಬುವುದು, ಇಳಿಯುವುದು. ಒಳಗೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳಿಗೆ ವಯಸ್ಸಾದರೆ ಇವೆರಡೂ ಆಗುತ್ತವೆ. ಆದರೆ ಸ್ವಲ್ಪ ಹೊತ್ತಿನಲ್ಲಿ ನನಗೆ ಇನ್ನೊಂದು ತಿಳಿಯಿತು. ಇಮಾಮಸಾಬರು ಉಸಿರನ್ನು ದೀರ್ಘವಾಗಿ ಎಳೆದುಕೊಳ್ಳುತ್ತಿದ್ದರು, ನಡುವೆ ಎಲ್ಲೋ ತಡೆದಂತಾಗಿ, ಆಮೇಲೆ ಅದು ಹೊರಗೆ ಬರುತ್ತಿತ್ತು. ರೇಡಿಯೋದ ಸದ್ದೂ ಅದೇ ಜಾಗದಲ್ಲಿ ತಡೆದು, ಅದೇ ಕ್ಷಣಕ್ಕೆ ಇಳಿಯುತ್ತಿತ್ತು. ಅವರ ಉಸಿರಿಗೆ ಮಂಚ ಅದುರಿ, ಅದು ಹಲಗೆಗೆ ಬಂದು, ಹಳೆಯ ವಾಲ್ವ್ ಅದನ್ನು ಹಿಡಿಯುತ್ತಿದೆ ಎಂದುಕೊಂಡೆ. ಹಾಗೆ ಆಗುವುದುಂಟು.

ನಾನು ರೇಡಿಯೋ ಎತ್ತಿಕೊಂಡಾಗ ಮುದುಕರು ಕಣ್ಣು ತೆರೆದರು. "ಲಗೂನ ತರ್ರಿ... ನಮ್ಮ ಮಾತ ಕೇಳಿ ಭಾಳ ದಿನಾ ಆತು," ಎಂದರು. ಅಷ್ಟು ಹೇಳುವುದಕ್ಕೆ ಮೂರು ಸಲ ಉಸಿರು ತೆಗೆದುಕೊಂಡರು.

ಅಂಗಡಿಗೆ ಬಂದು, ಮಧ್ಯಾಹ್ನದ ಊಟ ಮುಗಿಸಿ ಕೆಲಸಕ್ಕೆ ಕೂತೆ. ಹಚ್ಚಿದೊಡನೆ ಕೈ ನಿಂತಿತು. ಅದೇ ಉಸಿರು, ಅದೇ ತಡೆ. ಚಾಳು ಅಲ್ಲಿಂದ ಕಾಲು ಗಂಟೆಯ ನಡಿಗೆ. ಮಂಚವಿಲ್ಲ, ಹಲಗೆಯಿಲ್ಲ. ವಾಲ್ವ್ ಬದಲಿಸಿದೆ, ಹೋಗಲಿಲ್ಲ. ಹಾಗಾದರೆ ಕೆಪಾಸಿಟರುಗಳದ್ದೇ ದೋಷ. ಮೂರು ಪೂರ್ತಿ ಕೆಟ್ಟಿದ್ದವು, ಮೇಣ ಒಸರುತ್ತಿತ್ತು. ಮೊದಲನೆಯದನ್ನು ಕತ್ತರಿಸಿ, ಕಾದ ಕಡ್ಡಿಯಿಂದ ಹೊಸದನ್ನು ಬೆಸೆದು ಹಚ್ಚಿದೆ. ಸದ್ದು ಇತ್ತು, ಆದರೆ ನಿಧಾನವಾಗಿತ್ತು. ಎರಡನೆಯದನ್ನು ಹಾಕಿದ ಮೇಲೆ ಇನ್ನೂ ನಿಧಾನ. ತಡೆ ಎಷ್ಟು ದೀರ್ಘವಾಯಿತೆಂದರೆ, ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ನಾನೇ ಉಸಿರು ಬಿಗಿಹಿಡಿದೆ.

ಇದನ್ನು ಮುಚ್ಚಿಡುವುದಿಲ್ಲ: ಎಲ್ಲ ಬಿಟ್ಟು ಓಡಿಹೋಗಿ ಮುದುಕರನ್ನು ನೋಡಬೇಕು ಎಂದು ಆಗ ಅನಿಸಿತ್ತು. ಹೋಗಲಿಲ್ಲ. ದೋಷ ಕೈಗೆ ಸಿಕ್ಕಿತೆಂಬ ಹುರುಪು. ಸ್ಟೇಷನ್ ಹಿಡಿಯುವ ಟ್ಯೂನರಿನೊಳಗಿನ ಮೂರನೆಯದನ್ನೂ ಕತ್ತರಿಸಿ ಹೊಸದನ್ನು ಬೆಸೆದೆ.

ಹಚ್ಚಿದಾಗ ಗುಂಯ್ ಎನ್ನುವುದು ಎಳೆಯಷ್ಟೂ ಉಳಿದಿರಲಿಲ್ಲ. ಯಾವುದೋ ಮರಾಠಿ ಹಾಡು ನಿರ್ಮಲವಾಗಿ ಕೇಳಿತು. ಹತ್ತು ನಿಮಿಷವಾದರೂ ಸ್ಟೇಷನ್ ಸರಿಯಲಿಲ್ಲ. ಸಂಜೆಯ ಕನ್ನಡ ಕಾರ್ಯಕ್ರಮಕ್ಕೆ ಹೊತ್ತಾಗುವ ಮೊದಲೇ ತಲುಪಿಸೋಣವೆಂದು ಹೊತ್ತುಕೊಂಡು ನಡೆದೆ.

ಚಾಳಿನ ಬಾಗಿಲಲ್ಲಿ ಜನ ಸೇರಿದ್ದರು.

ಮುಮ್ತಾಜ್ ನನ್ನನ್ನು ಕಂಡು ಅಳುತ್ತಲೇ ಹೇಳಿದರು: "ಮಧ್ಯಾಹ್ನದಾಗ ಒಮ್ಮಿಂದೊಮ್ಮೆ ಎದಿ ಹಿಡಕೊಂಡು 'ಬಿಸಿ, ಬಿಸಿ, ಯಾರೋ ಸುಡಾಕತ್ತಾರ' ಅಂದ್ರು. ಮುಟ್ಟಿ ನೋಡಿದ್ರ ಮೈ ಬರ್ಫಿನಂಗ ತಣ್ಣಗ ಇತ್ತು. ಸ್ವಲ್ಪ ಹೊತ್ತಿಗೆ ಮತ್ತ ಅಂದ್ರು. ಮೂರನೇ ಸಲ ಅಂದಾಗ ಜೀವ ಹೋತ್ರಿ."

ಆ ಮೂರೂ ಸಲ ಕಾವು ಕೊಟ್ಟು ಬೆಸೆಯುವ ಕಡ್ಡಿ ನನ್ನ ಕೈಯಲ್ಲಿತ್ತೆಂದು ಅವರಿಗೆ ಹೇಗೆ ಹೇಳಲಿ? ರೇಡಿಯೋವನ್ನು ವಾಪಸು ಅಂಗಡಿಗೆ ಒಯ್ದೆ. ಮರುದಿನ ಹಳೆಯ ಮೂರನ್ನೂ ಮತ್ತೆ ಬೆಸೆದು ನೋಡಿದೆ. ಸ್ಟೇಷನ್ ಸರಿಯತೊಡಗಿತು. ಗುಂಯ್ ಎನ್ನುವುದೂ ಬಂತು. ಆದರೆ ಅದು ಒಂದೇ ಸಮ ಇತ್ತು. ಉಬ್ಬಲಿಲ್ಲ, ಇಳಿಯಲಿಲ್ಲ. ಇಡೀ ದಿನ ಹಚ್ಚಿಟ್ಟೆ.

ಸಾಯುವವರಿಗೆ ಎದೆ ಉರಿಯುವುದುಂಟು, ಎರಡು ಸದ್ದು ಆಕಸ್ಮಿಕವಾಗಿ ಕೂಡುವುದೂ ಉಂಟು. ಬೇರೆ ಯಾರಾದರೂ ಬಂದು ಹೇಳಿದ್ದರೆ ಇಷ್ಟೇ ಹೇಳಿ ಕಳಿಸುತ್ತಿದ್ದೆ. ನನಗೆ ನಾನು ಹೇಳಿಕೊಂಡಾಗ ಮಾತ್ರ ಅದು ಸಾಲುವುದಿಲ್ಲ.

ಇಮಾಮಸಾಬರ ನಲವತ್ತನೆಯ ದಿನದ ಕಾರ್ಯ ಕಳೆದ ಮೇಲೆ ಮುಮ್ತಾಜ್ ಬಂದರು. ಅಷ್ಟರಲ್ಲಿ ಹೊಸ ಸಾಮಾನು ಹಾಕಿ ಸರಿಮಾಡಿಟ್ಟಿದ್ದೆ. ಹಚ್ಚಿ ತೋರಿಸಿದೆ. ಆಕೆ ರೇಡಿಯೋ ಎತ್ತಿಕೊಂಡರು. ಹೊರಡುವಾಗ, "ನಿಮ್ಮ ಕೈಗೆ ಅಲ್ಲಾ ಬರ್ಕತ್ ಕೊಡ್ಲಿ, ಭಾಯಿಸಾಬ್," ಎಂದರು.

ಆ ಹಾರೈಕೆಯನ್ನು ಏನು ಮಾಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.