ಮುಂದಾಗಿ ಹೊರಟ ಗಂಟು

ನನ್ನ ಗಂಡ ಆಗ ತರಬೇತಿಯಲ್ಲಿದ್ದ ಡಾಕ್ಟರು. ಇಂಗ್ಲೆಂಡಿನ ಆಸ್ಪತ್ರೆಗಳು ಇಂಥವರನ್ನು ಆಗಸ್ಟ್ ತಿಂಗಳ ಮೊದಲ ಬುಧವಾರ ಒಂದೂರಿನಿಂದ ಎತ್ತಿ ಇನ್ನೊಂದೂರಿನಲ್ಲಿ ಇಡುತ್ತಿದ್ದವು. ಅವರ ಹಿಂದೆ ಹೆಂಡತಿ, ಮಗು, ಪ್ರೆಶರ್ ಕುಕ್ಕರ್ ಎಲ್ಲ ಹೊರಡಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆ ಮನೆ ಬದಲಿಸಿ ನೋಡಿರಲಿಲ್ಲ ಎಂದು ಕಾಣುತ್ತದೆ. ಲೆಸ್ಟರ್ ಆಯಿತು, ಡಾರ್ಬಿ ಆಯಿತು, ಆಮೇಲೆ ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್. ಅಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಶೆಫೀಲ್ಡಿಗೆ ಹೊರಡಬೇಕೆಂದು ಗೊತ್ತಾಯಿತು.

ಹಿಂದಿನ ಸಲವೆಲ್ಲ ನನಗಿದ್ದದ್ದು ಸಾಮಾನಿನ ಚಿಂತೆ. ಈ ಸಲ ಮಗಳ ಚಿಂತೆ. ಡಾರ್ಬಿಯಲ್ಲಿ ಎಲ್ಲರೊಂದಿಗೂ ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಹುಡುಗಿ ಬೀಸ್ಟನ್‌ಗೆ ಬಂದದ್ದೇ ಹೊಸ್ತಿಲ ಹೊರಗೆ ಬಾಯಿ ಮುಚ್ಚಿಕೊಂಡಳು. ಮನೆಯೊಳಗೆ ನಮ್ಮ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಓಡಾಡುವವಳು, ಶಾಲೆಯಲ್ಲಿ ಬಾತ್‌ರೂಮಿಗೆ ಹೋಗಬೇಕೆಂದು ಕೂಡ ಹೇಳುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದ ದಿನಗಳಿದ್ದವು. ಜಿಪಿ ಎನ್ನುವ ಅಲ್ಲಿನ ಕುಟುಂಬ ವೈದ್ಯರ ಹತ್ತಿರ ಹೋದರೆ, ಒತ್ತಾಯ ಮಾಡಬೇಡಿ, ತಾನೇ ಸರಿಹೋಗುತ್ತದೆ ಎಂದರು. ಹಾಗೆ ಹೇಳುವುದು ಸುಲಭ. ನನ್ನ ಮಗು ಮೂಗಿ ಎಂದು ಬೇರೆ ಮಕ್ಕಳು ಅಂದುಕೊಂಡಿದ್ದನ್ನು ನಾನು ಗೇಟಿನ ಬಳಿ ನಿಂತು ಕಿವಿಯಾರೆ ಕೇಳಿದ್ದೆ.

ಅವಳ ಬಾಯಿ ಬಿಡಿಸಿದ್ದು ಡಾಕ್ಟರಲ್ಲ, ಪಕ್ಕದ ಮನೆಯ ಬೆಕ್ಕು. ಆ ಮನೆಯಲ್ಲಿದ್ದದ್ದು ಗಂಡನನ್ನು ಕಳೆದುಕೊಂಡ ಒಬ್ಬ ವಯಸ್ಸಾದ ಹೆಂಗಸು. ಹಿತ್ತಿಲ ಬೇಲಿಯ ಉದ್ದಕ್ಕೂ ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದರು. ಆ ಕಡೆಯ ಜನ ಎದುರಿಗೆ ಸಿಕ್ಕವರನ್ನೆಲ್ಲ ಅಕ್ಕರೆಯಿಂದ 'ಡಕ್', ಅಂದರೆ ಬಾತುಕೋಳಿ, ಎಂದೇ ಕರೆಯುತ್ತಾರೆ. ನನ್ನನ್ನೂ ಡಕ್, ನನ್ನ ಮಗಳನ್ನೂ ಡಕ್. ಮಗಳು ಮೊದಲು ಬೇಲಿಯ ಸಂದಿಯಲ್ಲಿ ಬೆಕ್ಕಿನ ಜೊತೆ ಪಿಸುಗುಟ್ಟಿದಳು. ಬಳ್ಳಿ ಬಾಡಿ, ಮರುವರ್ಷ ಮತ್ತೆ ಚಿಗುರುವ ಹೊತ್ತಿಗೆ ಬೆಕ್ಕಿನ ಯಜಮಾನಿಯ ಜೊತೆಗೂ ಮಾತು ಬಂತು. ಅದರ ಮುಂದಿನ ವಸಂತದಲ್ಲಿ ಒಂದು ದಿನ ಟೀಚರು ನನ್ನನ್ನು ನಿಲ್ಲಿಸಿ, ಇವತ್ತು ಪಕ್ಕದ ಹುಡುಗಿಯನ್ನು ಪೆನ್ಸಿಲ್ ಕೇಳಿದಳು ಎಂದರು. ನಾನು ಅಲ್ಲೇ, ಎಲ್ಲರೆದುರಿಗೆ ಅತ್ತುಬಿಟ್ಟೆ.

ಆ ಸಂತೋಷ ಹಳತಾಗುವ ಮೊದಲೇ ಶೆಫೀಲ್ಡಿನ ಸುದ್ದಿ ಬಂದದ್ದು. ಮತ್ತೆ ಬಾಯಿ ಮುಚ್ಚಿಕೊಂಡರೆ ಏನು ಗತಿ?

ಹೆದರಿಕೆಯಾದಾಗ ಯೋಜನೆ ಹಾಕುವುದು ನನ್ನ ಸ್ವಭಾವ. ಟೆನ್ಶನ್ ಇಲ್ಲದೆ ಮನೆ ಬದಲಿಸುವುದು ಹೇಗೆ ಎಂಬ ಲೇಖನಗಳನ್ನು ಪತ್ರಿಕೆಗಳಿಂದ ಕತ್ತರಿಸಿಟ್ಟುಕೊಂಡೆ. ಅವನ್ನು ಬರೆದವರಿಗೆ ಮಕ್ಕಳೂ ಇದ್ದಂತಿರಲಿಲ್ಲ, ಅತ್ತೆಯಂತೂ ಖಂಡಿತ ಇರಲಿಲ್ಲ. ಸೂಪರ್‌ಮಾರ್ಕೆಟ್ಟಿನಿಂದ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳನ್ನು ತಂದೆ. ಕೋಣೆಗೊಂದು ಬಣ್ಣದ ಚೀಟಿ ಅಂಟಿಸಿದೆ. ಕೊನೆಗೆ ಕಟ್ಟಿ ಮೊದಲು ಬಿಚ್ಚಬೇಕಾದ ಪೆಟ್ಟಿಗೆಯಲ್ಲಿ ಕುಕ್ಕರು, ತೊಗರಿಬೇಳೆ, ಸಾರಿನ ಪುಡಿ. ಮಗುವಿಗೆ ಮುಂಚೆಯೇ ತಿಳಿಸಿ, ಅವಳ ಸಾಮಾನನ್ನು ಅವಳೇ ತುಂಬಿಕೊಳ್ಳಲಿ ಎಂದು ಟೀಚರು ಹೇಳಿದ್ದರು. ಅದಕ್ಕೂ ಒಂದು ಪೆಟ್ಟಿಗೆ ಕೊಟ್ಟೆ. ಅವಳು ಅದರೊಳಗೆ ಒಂದು ಬಣ್ಣದ ಪೆನ್ಸಿಲನ್ನೂ ಹಾಕಲಿಲ್ಲ. ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಪೆಟ್ಟಿಗೆ ಬಾಯಿ ತೆರೆದುಕೊಂಡು ಖಾಲಿ ಕೂತಿರುತ್ತಿತ್ತು.

ಆ ಬೇಸಿಗೆ ಅತ್ತೆ ಬಂದಿದ್ದರು. ಮಾವನವರನ್ನು ಮೈದುನನ ಮನೆಯಲ್ಲಿ ಬಿಟ್ಟು, ಆರು ತಿಂಗಳ ವೀಸಾದ ಮೇಲೆ ಮೈಸೂರಿನಿಂದ. ಸೂಟ್‌ಕೇಸಿನಲ್ಲಿ ಹಪ್ಪಳ ಸಂಡಿಗೆಗಳ ಮೇಲೆ ಪಂಚಾಂಗ. ನಾವು ಹೊರಡುವ ದಿನ ಹೇಳಿದ್ದೇ ಕನ್ನಡಕ ಏರಿಸಿ ಹಾಳೆ ತಿರುವಿದರು.

"ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರೇನಮ್ಮ?"

"ಅಮ್ಮ, ಆಸ್ಪತ್ರೆಯವರಿಗೆ ನೀನೇ ಒಂದು ಪಂಚಾಂಗ ಪೋಸ್ಟ್ ಮಾಡ್ಬಿಡು" ಎಂದು ನನ್ನ ಗಂಡ ನಕ್ಕು ಡ್ಯೂಟಿಗೆ ಹೋದರು. ನಗುವುದು ಅವರ ಪಾಲು, ನಿಭಾಯಿಸುವುದು ನನ್ನ ಪಾಲು.

ಅತ್ತೆ ಎರಡು ದಿನ ಯೋಚಿಸಿದರು. "ಆಷಾಢ ಹುಟ್ಟೋಕೆ ಮುಂಚೆ ಪ್ರಸ್ಥಾನ ಇಟ್ಬಿಡೋಣ ಬಿಡು" ಎಂದರು.

ಪ್ರಸ್ಥಾನವೆಂದರೆ, ಹೊರಡಬೇಕಾದ ದಿನ ಒಳ್ಳೆಯದಿಲ್ಲದಿದ್ದರೆ ಅದಕ್ಕೂ ಮೊದಲು ಒಂದು ಒಳ್ಳೆಯ ಗಳಿಗೆಯಲ್ಲಿ ನಮ್ಮ ಪರವಾಗಿ ಒಂದು ಗಂಟನ್ನು ಹೊಸ್ತಿಲು ದಾಟಿಸಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಡುವುದು. ಗಂಟು ಹೊರಟಿತೆಂದರೆ ನಾವೂ ಹೊರಟ ಲೆಕ್ಕ. ಆಮೇಲೆ ಯಾವ ದಿನ ಬೇಕಾದರೂ ಗಂಟನ್ನು ಎತ್ತಿಕೊಂಡು ಮುಂದೆ ಹೋಗಬಹುದು, ದೋಷವಿಲ್ಲ. ಅದನ್ನು ಮನೆಗೆ ವಾಪಸು ಮಾತ್ರ ತರುವಂತಿಲ್ಲ. ಗಂಟು ಇಷ್ಟೇ ದಿನ ಇರಬೇಕೆಂಬ ಮಿತಿಯೂ ಇದೆಯಂತೆ. ಇಂಗ್ಲೆಂಡಿಗೆ ಅದರಲ್ಲಿ ವಿನಾಯಿತಿ ಎಂದು ಅತ್ತೆಯೇ ತೀರ್ಮಾನಿಸಿದರು.

ಹಳದಿ ರವಿಕೆ ಕಣದಲ್ಲಿ ಅಕ್ಕಿ, ಅರಿಸಿನದ ಕೊನೆ, ಅಡಿಕೆ ಇಟ್ಟರು. ಮಗನ ಕರ್ಚೀಫು, ನನ್ನದೊಂದು ಬಳೆ, ಮೊಮ್ಮಗಳ ಜಡೆಯ ರಿಬ್ಬನ್ನು ಸೇರಿಸಿ ಗಂಟು ಕಟ್ಟಿದರು. ಮಗಳು ಮಂಡಿಯೂರಿ ಕೂತು ಎಲ್ಲ ನೋಡುತ್ತಿದ್ದಳು. ನನ್ನ ರಿಬ್ಬನ್ ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇದು ಹೋಯ್ತು ಅಂದ್ರೆ ನೀನೂ ಹೋದ ಹಾಗೇನೇ ಪುಟ್ಟಿ. ಮೈ ಇಲ್ಲಿದ್ರೂ ನೀನು ಇಲ್ಲಿಲ್ಲ, ಹೊರಟಾಗಿದೆ" ಎಂದು ಅಜ್ಜಿ ವಿವರಿಸಿದರು.

ಶೆಫೀಲ್ಡು ಉತ್ತರಕ್ಕಿತ್ತು, ಪಕ್ಕದ ಮನೆಯೂ ಉತ್ತರಕ್ಕಿತ್ತು. ಮಗಳೇ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು. ಇಂಥದ್ದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸುವ ಪಾಳಿ ಯಾವಾಗಲೂ ನನ್ನದೇ. ನಾಚಿಕೆಯಿಂದ ತಡವರಿಸುತ್ತ ಹೇಳಿದೆ. ಆ ಹೆಂಗಸು ನಗಲಿಲ್ಲ. ಫೋನಿನ ಪಕ್ಕದ ಕಿಟಕಿಯ ಕಟ್ಟೆಯನ್ನು ಒರೆಸಿ, ಗಂಟನ್ನು ಅಲ್ಲಿಟ್ಟು, "ಹಾಗಾದರೆ ನೀವು ಆಗಲೇ ಹೋದಿರಿ" ಎಂದರು. ಮಗಳು ಗಂಟನ್ನು ನೋಡಿದಳು, ಅವರ ಮುಖ ನೋಡಿದಳು.

ಅಂದಿನಿಂದ ಅವಳು ಬೇಲಿಯ ಹತ್ತಿರ ಹೋಗುವುದನ್ನು ಬಿಟ್ಟಳು. ಪಕ್ಕದ ಮನೆಯವರು ಬಳ್ಳಿಯ ಮರೆಯಿಂದ ಡಕ್, ಡಕ್ ಎಂದು ಕರೆದರೆ ಒಳಗೆ ಬಂದುಬಿಡುತ್ತಿದ್ದಳು. ಶಾಲೆಯಲ್ಲಿ ಮತ್ತೆ ಮಾತು ನಿಂತಿದೆ ಎಂದು ಟೀಚರು ಹೇಳಿದರು. ಈ ಸಲ ಮನೆಯೊಳಗೂ ತಲೆಯಾಡಿಸುವುದು, ಬೆರಳು ತೋರಿಸುವುದು ಶುರುವಾಯಿತು. ನನ್ನ ಬಣ್ಣದ ಚೀಟಿಗಳು ಅಂದವಾಗಿ ಸಾಲು ನಿಂತಿದ್ದವು. ಅವನ್ನೆಲ್ಲ ಕಿತ್ತೆಸೆಯಬೇಕು ಎನಿಸುತ್ತಿತ್ತು.

ನನ್ನ ಸಿಟ್ಟು ಹೋಗಿ ಬಿದ್ದದ್ದು ಅತ್ತೆಯ ಮೇಲೆ. ಅವರು ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

"ನಿಮ್ಮ ಗಂಟು ಈ ಮನೆ ಬಿಟ್ಟ ದಿನವೇ ಅವಳ ಮಾತೂ ಹೋಯ್ತು ಅತ್ತೆ. ಇನ್ನೊಂದು ಶಾಸ್ತ್ರ ಅಂತ ತಂದ್ರೆ ನಾನು ಸುಮ್ನಿರಲ್ಲ."

ಅವರು ತಲೆ ಎತ್ತಲಿಲ್ಲ. "ಒಳ್ಳೇದಾಗ್ಲಿ ಅಂತ ಮಾಡಿದ್ದಮ್ಮ" ಎಂದಷ್ಟೇ ಹೇಳಿದರು.

ಅಂದು ಸಂಜೆ ಮಗಳಿಗೆ ಸ್ನಾನ ಮಾಡಿಸುವಾಗ, ಪಕ್ಕದ ಮನೆಯವರು ಕರೆದರೆ ಯಾಕೆ ಓಗೊಡುವುದಿಲ್ಲ ಎಂದು ಕೇಳಿದೆ. ನೀರಿನೊಳಗಿನ ತನ್ನ ಮೊಣಕಾಲನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದಳು: ನಾನು ಇಲ್ಲಿಲ್ಲವಲ್ಲ. ನನ್ನ ರಿಬ್ಬನ್ ಹೋಗಿದೆ.

ಹೊರಟವರು ಓಗೊಡಬಾರದೆಂದು ಅಷ್ಟು ಚಿಕ್ಕ ಜೀವ ಅಷ್ಟು ದಿನ ಉಸಿರು ಬಿಗಿಹಿಡಿದು ನಿಂತಿತ್ತು. ಅದೆಲ್ಲ ಸುಮ್ಮನೆ ಒಂದು ಪದ್ಧತಿ ಕಂದ, ನಿಜವಾಗಿ ಯಾರೂ ಹೋಗುವುದಿಲ್ಲ, ನೀನು ಇಲ್ಲೇ ಇದ್ದೀಯ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಹಾಗಾದರೆ ಅಜ್ಜಿ ಸುಳ್ಳು ಹೇಳಿದಳಾ?"

ಅತ್ತೆ ಟವೆಲ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಅಜ್ಜಿ ಎಂಬ ಮಾತು ಕೇಳಿಸಿತ್ತು. ಹೌದೆಂದರೆ ಅಜ್ಜಿ ಸುಳ್ಳುಗಾತಿ, ಇಲ್ಲವೆಂದರೆ ಮಗು ಇಲ್ಲಿಲ್ಲ. ನಾನು ಅವಳ ತಲೆಯ ಮೇಲೆ ನೀರು ಸುರಿದೆ. ಮಲಗಿಸಿದ ಮೇಲೆ ಅತ್ತೆಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ಹೊರಡುವ ದಿನ ಬಂತು. ನನ್ನ ಯೋಜನೆ ಎಳ್ಳಷ್ಟೂ ತಪ್ಪಲಿಲ್ಲ. ವ್ಯಾನಿನವರು ಹೇಳಿದ ಹೊತ್ತಿಗೆ ಬಂದರು, ಒಂದು ಲೋಟವೂ ಒಡೆಯಲಿಲ್ಲ. ಲೆಕ್ಕ ಸಿಗದೆ ಉಳಿದದ್ದು ಮಗಳ ಶಾಲೆಯ ಒಂದು ಕಾಲುಚೀಲ ಮಾತ್ರ. ಅವಳ ಖಾಲಿ ಪೆಟ್ಟಿಗೆಯನ್ನೂ ವ್ಯಾನಿನವನು ಟೇಪು ಸುತ್ತಿ ಎತ್ತಿಕೊಂಡು, ಇದು ಬಹಳ ಹಗುರವಾಗಿದೆ ಎಂದ. ನಾನು ಮುಖ ತಿರುಗಿಸಿಕೊಂಡೆ.

ಕೊನೆಗೆ ಗಂಟು ಎತ್ತಿಕೊಳ್ಳಲು ಎಲ್ಲರೂ ಪಕ್ಕದ ಮನೆಗೆ ಹೋದೆವು. ಆ ಹೆಂಗಸು ಹಳದಿ ಗಂಟನ್ನು ಅತ್ತೆಯ ಕೈಗಿತ್ತರು. ಅದು ಇದ್ದ ಜಾಗದ ಪಕ್ಕದಲ್ಲಿ ಇನ್ನೊಂದು ಗಂಟಿತ್ತು. ಬೂದುಬಣ್ಣದ ಪುಟ್ಟ ಕಾಲುಚೀಲ, ಬಾಯಿಗೆ ತಲೆಯ ರಬ್ಬರ್ ಬ್ಯಾಂಡು ಸುತ್ತಿದೆ, ಒಳಗೆ ಅಕ್ಕಿಯಂಥದ್ದೇನೋ ಉಬ್ಬಿದೆ. ನಾನು ಕೈಚಾಚಿದೆ.

"ಮುಟ್ಟಬೇಡ!" ಎಂದು ಮಗಳು ಕಿರುಚಿ ನನ್ನ ಕೈ ಹಿಡಿದುಕೊಂಡಳು. ಹೊಸ್ತಿಲ ಹೊರಗೆ ಎಷ್ಟೋ ದಿನಗಳ ಮೇಲೆ ನಾನು ಕೇಳಿದ ಅವಳ ದನಿ ಅದು.

"ಅದು ಅವಳದು" ಎಂದು ಪಕ್ಕದ ಮನೆಯವರು ಮೆಲ್ಲಗೆ ಹೇಳಿದರು. "ಮೊನ್ನೆ ಹಿತ್ತಿಲ ಬಾಗಿಲಿಗೆ ಒಬ್ಬಳೇ ಬಂದು ಕೊಟ್ಟಳು. ಇದು ಇಲ್ಲಿರುವವರೆಗೆ ನಾನು ಇಲ್ಲೇ ಇರುತ್ತೇನೆ ಎಂದಳು. ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಡಕ್."

ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಇನ್ನೇನು ಅಪಶಕುನ ಎನ್ನುತ್ತಾರೆ, ಬೀದಿಯಲ್ಲಿ ರಂಪವಾಗುತ್ತದೆ ಎಂದುಕೊಂಡೆ. ಅತ್ತೆ ಕಾಲುಚೀಲವನ್ನು ಬಗ್ಗಿ ನೋಡಿದರು, ಮುಟ್ಟಲಿಲ್ಲ.

"ಪ್ರಸ್ಥಾನ ವಾಪಸ್ ತರೋ ಹಾಗಿಲ್ಲಮ್ಮ" ಎಂದರು. "ಇಟ್ಟಿದಾಳೆ. ಇರ್ಲಿ ಬಿಡು."

ಶೆಫೀಲ್ಡಿನಲ್ಲಿ ನಮ್ಮ ಮನೆ ಬ್ರೂಮ್‌ಹಿಲ್‌ನ ಏರಿನಲ್ಲಿತ್ತು. ಹಾಲುಕ್ಕಿಸಿ, ಹಳದಿ ಗಂಟಿನ ಅಕ್ಕಿಯಿಂದ ಪಾಯಸ ಮಾಡಿದೆವು. ಸಂಜೆಗೆ ಬಿಸಿ ಸಾರು, ಅನ್ನ. ಪತ್ರಿಕೆಗಳಲ್ಲಿ ಬರೆದಂತೆಯೇ ಎಲ್ಲ ಸಾಂಗವಾಯಿತು, ಮಗಳೊಬ್ಬಳನ್ನು ಬಿಟ್ಟು. ಮನೆಯಲ್ಲಿ ಮಾತು ಒಂದಿಷ್ಟು ಮರಳಿತು. ಭಾನುವಾರ ಬೀಸ್ಟನ್‌ಗೆ ಫೋನ್ ಮಾಡಿಸಿಕೊಂಡು, ನಾನು ಇದ್ದೇನಾ ಎಂದು ಕೇಳುತ್ತಿದ್ದಳು. ಇದ್ದೀಯ ಡಕ್, ಬೆಕ್ಕು ಪಕ್ಕದಲ್ಲೇ ಮಲಗಿದೆ ಎಂದು ಆ ಕಡೆಯಿಂದ ಉತ್ತರ ಬರುತ್ತಿತ್ತು. ಆದರೆ ಸೆಪ್ಟೆಂಬರಿನಲ್ಲಿ ಸೇರಿದ ಹೊಸ ಶಾಲೆಯಲ್ಲಿ ಒಂದು ಮಾತೂ ಇಲ್ಲ. ಒದ್ದೆ ಬಟ್ಟೆಯ ಚೀಲ ಮತ್ತೆ ಮನೆಗೆ ಬರತೊಡಗಿತು. ಅವಳ ಅರ್ಧ ಜೀವವನ್ನು ಬೀಸ್ಟನ್ನಿನಲ್ಲಿ ಬಿಟ್ಟುಬಂದದ್ದು ತಪ್ಪಾಯಿತೇನೋ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ.

ಅಕ್ಟೋಬರಿನಲ್ಲಿ ಅತ್ತೆ ಹೊರಟರು. ಮ್ಯಾಂಚೆಸ್ಟರ್ ಏರ್‌ಪೋರ್ಟಿನಲ್ಲಿ ಮಗಳು ಅಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಮನೆಗೆ ಬಂದು ಅಡುಗೆಮನೆಯಲ್ಲಿ ದೀಪ ಹಾಕಿದರೆ, ಕಿಟಕಿಯ ಕಟ್ಟೆಯಲ್ಲಿ ಕೊತ್ತಂಬರಿ ಕುಂಡದ ಹಿಂದೆ ಅದೇ ಹಳದಿ ರವಿಕೆ ಕಣದ ಗಂಟು. ಬಿಚ್ಚಲು ಹೋದರೆ ಮಗಳು ಅಡ್ಡ ಬಂದಳು. ಬಟ್ಟೆಯ ಮೇಲಿಂದಲೇ ಸವರಿ ನೋಡಿದೆ. ಅಕ್ಕಿ, ಅದರ ನಡುವೆ ಕನ್ನಡಕದ ಡಬ್ಬಿ.

ಅವರು ಮೈಸೂರು ಮುಟ್ಟಿದ ಮೇಲೆ ಫೋನಿನಲ್ಲಿ ಕೇಳಿದೆ. "ಕನ್ನಡಕ ಇಲ್ಲೇ ಬಿಟ್ಟಿದೀರಲ್ಲ ಅತ್ತೆ, ಕಳಿಸ್ಲಾ?"

"ಬೇಡಮ್ಮ. ಅದು ಮರೆತು ಬಿಟ್ಟಿದ್ದಲ್ಲ. ಇಲ್ಲಿ ಬೇರೆ ಮಾಡಿಸ್ಕೋತೀನಿ."

ಅದಾದ ಮೇಲೆ ಎಷ್ಟು ದಿನವಾಗಿತ್ತೋ, ಒಂದು ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ಹೊಸ ಟೀಚರು ನನ್ನನ್ನು ಪಕ್ಕಕ್ಕೆ ಕರೆದರು. ಒದ್ದೆ ಬಟ್ಟೆಯ ಚೀಲ ಕೊಡುತ್ತಾರೆಂದು ನಾನು ಕೈ ಮುಂದೆ ಮಾಡಿದೆ. ಅವರ ಕೈ ಖಾಲಿ ಇತ್ತು.

"ಇವತ್ತು ಮಾತಾಡಿದಳು" ಎಂದರು. "ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಎಲ್ಲರನ್ನೂ ಕೇಳುತ್ತಿದ್ದೆ. ಅಮ್ಮ, ಅಪ್ಪ, ಅಡುಗೆಮನೆಯ ಕಿಟಕಿಯಲ್ಲಿ ಅಜ್ಜಿ ಎಂದಳು. ಅಜ್ಜಿ ಊರಿಗೆ ಹೋದರೆಂದು ನೀವು ಹೇಳಿದ ನೆನಪು. ಇದ್ದಾರೆಯೇ?"

ಮಗಳು ನನ್ನ ಕೋಟಿನ ತುದಿ ಹಿಡಿದುಕೊಂಡು, ಅಂದು ಸ್ನಾನದ ನೀರಿನಿಂದ ನೋಡಿದ ಹಾಗೆಯೇ ನನ್ನ ಮುಖವನ್ನು ನೋಡುತ್ತಿದ್ದಳು.

"ಇದ್ದಾರೆ" ಎಂದೆ.