ಬೆಟ್ಟವನ್ನೇ ಸಾಕ್ಷಿಗೆ ಕರೆದ ಪುಷ್ಪಾವತಿ ಮಿಸ್

ಮಧುಗಿರಿ ಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ತಾಗಿಲ್ಲ. ಬುಡದ ಬಯಲಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಸ್ವೆಟರಿನೊಳಗೆ ಮುದುಡಿಕೊಂಡು ಪಿಟ್ಟೆನ್ನದೆ ನಿಂತಿದ್ದಾರೆ. ಸುಣ್ಣ ಬಳಿದ ಒಂದು ಕಲ್ಲಿನ ಪಕ್ಕ ನಿಂತ ಸಹನಾ ಎರಡು ಮರದ ತುಂಡುಗಳನ್ನು ಬಡಿಯುತ್ತಾಳೆ. ಟಕ್. ಬಂಡೆ ಅದನ್ನು ಹಿಂದಕ್ಕೆ ಕಳಿಸುತ್ತದೆ. ಆ ಪ್ರತಿಧ್ವನಿ ಬಂದು ಮುಟ್ಟುವ ಗಳಿಗೆಗೆ ಸರಿಯಾಗಿ ಇನ್ನೊಂದು ಟಕ್. ಲಯ ಕೂಡಿತೆಂದರೆ ಪ್ರತಿಧ್ವನಿ ಏಟಿನೊಳಗೇ ಅಡಗಿಬಿಡುತ್ತದೆ, ಬೇರೆಯಾಗಿ ಕೇಳುವುದೇ ಇಲ್ಲ. ಹಾಗೆ ನೂರು ಏಟು. ಪುಷ್ಪಾವತಿ ಮೊಬೈಲಿನ ಸ್ಟಾಪ್‌ವಾಚ್ ನಿಲ್ಲಿಸುತ್ತಾರೆ: ನೂರು ಸೆಕೆಂಡು.

ಕುರಿ ಹೊಡೆದುಕೊಂಡು ಹೊರಟ ಓಬಳಮ್ಮ ನಿಂತು ನೋಡುತ್ತಾರೆ. “ಕೋತಿ ಓಡಿಸ್ತಿದೀರೇನವ್ವಾ?”

“ಇಲ್ಲ ಕಣಮ್ಮ, ಬೆಟ್ಟನ ಒಂದು ಮಾತು ಕೇಳ್ತಿದೀವಿ.”

“ಕೇಳ್ರಿ, ಕೇಳ್ರಿ. ನಾನೂ ಹುಟ್ಟಿದಾಗಿಂದ ಕೂಗ್ತಾನೇ ಇವ್ನಿ. ನಾನಂದಿದ್ದನ್ನೇ ಅಂತೈತೆ, ಇನ್ನೊಂದು ಮಾತಾಡಿಲ್ಲ.”

ಪುಷ್ಪಾವತಿ ನಗುತ್ತಾರೆ. ಆದರೆ ಇವತ್ತು ಬೆಟ್ಟ ಕೊಡುವ ಉತ್ತರದ ಮೇಲೆ ಅವರ ಪಾಠದ ರೀತಿಯೇ ನಿಂತಿದೆ. ಅದು ಒಪ್ಪಿದರೆ ಲ್ಯಾಪ್‌ಟಾಪ್ ತೆರೆಯುತ್ತದೆ. ಒಪ್ಪದಿದ್ದರೆ ಈ ವರ್ಷಕ್ಕೆ ಮುಚ್ಚಿದಂತೆಯೇ.

ಪುಷ್ಪಾವತಿ ಮಧುಗಿರಿಯ ಸರ್ಕಾರಿ ಪ್ರೌಢಶಾಲೆಯೊಂದರ ಅತಿಥಿ ಶಿಕ್ಷಕಿ. ವರ್ಷ ಮುಗಿದರೆ ಕೆಲಸವೂ ಮುಗಿಯಿತು; ಜೂನಿನಲ್ಲಿ ಮತ್ತೆ ಕರೆದರೆ ಉಂಟು, ಇಲ್ಲವಾದರೆ ಇಲ್ಲ. ಕೊರಟಗೆರೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿಯುತ್ತಾರೆ. ಒಂದು ಚೀಲದಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಲ್ಯಾಪ್‌ಟಾಪು ಮತ್ತು ಹಳೇ ಸೀರೆಯಲ್ಲಿ ಸುತ್ತಿದ ಪ್ರೊಜೆಕ್ಟರು. ಸೀಟು ಸಿಗದಿದ್ದರೆ ಡಬ್ಬಿ ಕೆಳಗೆ ಕೂರುತ್ತದೆ, ಪ್ರೊಜೆಕ್ಟರು ಮಾತ್ರ ಕಂಕುಳು ಬಿಟ್ಟಿಳಿಯುವುದಿಲ್ಲ.

“ನಾನು ಓದೋವಾಗ ಲ್ಯಾಬಿನ ಬೀರುಗೆ ಬೀಗ ಹಾಕಿರೋರು, ಗಾಜು ಒಡೆದುಹೋಯ್ತದೆ ಅಂತ. ಹತ್ತನೇ ಕ್ಲಾಸ್ ಮುಗಿದ್ರೂ ಒಂದು ಪ್ರಯೋಗ ಕಣ್ಣಲ್ಲಿ ನೋಡ್ಲಿಲ್ಲ. ಈ ಸಿಮ್ಯುಲೇಶನ್ನಲ್ಲಿ ಒಡೆಯೋಕೆ ಏನೈತೆ ಹೇಳಿ?” ಎನ್ನುತ್ತಾರೆ.

ಸಿಮ್ಯುಲೇಶನ್ ಎಂದರೆ ಪರದೆಯ ಮೇಲೆ ಮಕ್ಕಳೇ ಮಾಡುವ ಪ್ರಯೋಗ. ಗುಂಡಿ ಎಳೆದರೆ ತಂತಿಯಲ್ಲಿ ಕರೆಂಟು ಹರಿಯುತ್ತದೆ, ಲೋಲಕ ತೂಗುತ್ತದೆ, ಶಬ್ದದ ಅಲೆ ಗೋಡೆಗೆ ಬಡಿದು ಹಿಂದಿರುಗುತ್ತದೆ. ಐವತ್ತು ಮಕ್ಕಳಿಗೆ ಇರುವುದು ಒಂದೇ ಮೌಸು. ಅದಕ್ಕೇ ಮಿಸ್ಸು ಒಂದು ಕಟ್ಟಳೆ ಮಾಡಿದ್ದಾರೆ: ಏನಾಗಬಹುದೆಂದು ಊಹೆ ಹೇಳದವರು ಮೌಸು ಮುಟ್ಟುವಂತಿಲ್ಲ. ಊಹೆ ತಪ್ಪಿದರೂ ಬೋರ್ಡಿನಲ್ಲಿ ಉಳಿಯುತ್ತದೆ. ಹೇಳಿದವರೇ ಎದ್ದು ಬಂದು, ಯಾಕೆ ತಪ್ಪೆಂದು ತಿಳಿಸಿ ಅಳಿಸಬೇಕು. ಕರೆಂಟು ಹೋದ ದಿನ ಊಹೆಗಳಷ್ಟೇ ಬೋರ್ಡು ತುಂಬಿಕೊಂಡು ಮರುದಿನಕ್ಕೆ ಕಾಯುತ್ತವೆ.

ಕಳೆದ ವಾರ ಶಬ್ದದ ಪಾಠ. ಪರದೆಯಲ್ಲಿ ಗಾಳಿಯ ಬಿಸಿ ಏರಿಸಿದಂತೆ ಶಬ್ದ ಚುರುಕಾಯಿತು. ಎಲ್ಲರೂ ತಲೆಯಾಡಿಸುವಾಗ ಹಿಂದಿನ ಬೆಂಚಿನಿಂದ ಸಹನಾ ಎದ್ದಳು.

“ಅದು ಕಂಪ್ಯೂಟ್ರು ಮಿಸ್. ಅದ್ರೊಳಗೆ ಹೆಂಗೆ ಬರ್ದವ್ರೋ ಅಂಗೇ ಆಗ್ತೈತೆ. ದಿಟ ಅಂತ ಹೆಂಗೆ ಗೊತ್ತು?”

ಬೇರೆಯವರಾಗಿದ್ದರೆ ಕೂರಿಸುತ್ತಿದ್ದರೇನೋ. ಪುಷ್ಪಾವತಿ ಕಿಟಕಿಯಾಚೆಗಿನ ಬೆಟ್ಟ ತೋರಿಸಿದರು. “ಅದನ್ನೇ ಕೇಳಾಣ ನಡೀರಿ. ಬೆಟ್ಟ ಒಪ್ಪದಿದ್ರೆ ಕಂಪ್ಯೂಟ್ರು ಮುಚ್ಚಿಡ್ತೀನಿ.”

ಆ ಮೊದಲ ಸಲ ಬೆಟ್ಟ ಒಪ್ಪಲಿಲ್ಲ! ಬೆಳಗಿನ ಚಳಿಯಲ್ಲಿ ನೂರು ಏಟಿಗೆ ಹಿಡಿದದ್ದಕ್ಕಿಂತ ಮಧ್ಯಾಹ್ನದ ಬಿಸಿಲಲ್ಲಿ ಕಡಿಮೆ ಹಿಡಿಯಬೇಕಿತ್ತು; ಹೆಚ್ಚೇ ಹೊತ್ತು ಹಿಡಿಯಿತು. ಮಿಸ್ಸಿನ ಮುಖ ಸಣ್ಣಗಾಯಿತು. “ಯಾಕಂತ ನಂಗೂ ಹೊಳೀಲಿಲ್ಲ. ಮಕ್ಕಳ ಮುಂದೆ ಮಾತು ಕೊಟ್ಟಿದ್ನಲ್ಲ,” ಎನ್ನುತ್ತಾರೆ. ಲ್ಯಾಪ್‌ಟಾಪು ಬೀರು ಸೇರಿತು. ಮುಖ್ಯಶಿಕ್ಷಕ ನಂದೀಶ್ವರಯ್ಯನವರು, “ಪರೀಕ್ಷೆ ಹತ್ರ ಬಂತು ಕಣಮ್ಮ, ಇನ್ನು ಪುಸ್ತಕ ಹಿಡ್ಕೊಂಡು ಪಾಠ ಮುಗ್ಸು,” ಎಂದುಬಿಟ್ಟರು.

ನಾಲ್ಕನೆಯ ದಿನ ಸ್ಟಾಫ್‌ರೂಮಿನ ಬಾಗಿಲಿಗೆ ಸಹನಾ ಓಡಿಬಂದಳು. “ಮಿಸ್, ಕಂಪ್ಯೂಟ್ರಲ್ಲಿ ನಾವು ಬಿಸಿ ಗುಂಡಿ ಒಂದೇ ಎಳೆದ್ವಿ, ದೂರದ್ದು ಮುಟ್ಲಿಲ್ಲ. ಬಯಲಲ್ಲಿ ಎರಡೂ ಎಳೆದ್ಬುಟ್ವಿ! ಮಧ್ಯಾಹ್ನ ಬಿಸ್ಲು ಅಂತ ಹೊಂಗೆ ಮರದ ನೆಳ್ಳಿಗೆ ಹೋಗ್ಲಿಲ್ವಾ? ಅದು ಬೆಟ್ಟಕ್ಕೆ ಇನ್ನೂ ದೂರ!”

ಪುಷ್ಪಾವತಿಯವರಿಗೆ ಮೈ ಜುಮ್ಮೆಂದಿತು. ಯಾರೂ ಹೇಳಿಕೊಡದ ಮಾತು. ಪರದೆಯನ್ನು ನಂಬದ ಹುಡುಗಿ ಪರದೆಯಿಂದಲೇ ಬಯಲಿನ ತಪ್ಪನ್ನು ಹಿಡಿದಿದ್ದಳು. ನಂದೀಶ್ವರಯ್ಯನವರನ್ನು ಕಾಡಿ ಬೇಡಿ ಇನ್ನೊಂದೇ ಒಂದು ದಿನ ಪಡೆದರು. ದೂರ ಬದಲಾಗದಿರಲೆಂದೇ ಬೆಳಗಿನ ಆ ಸುಣ್ಣದ ಕಲ್ಲು ನೆಟ್ಟದ್ದು.

ಈಗ ಮಧ್ಯಾಹ್ನ. ನೆಲ ಕಾದಿದೆ, ಬಂಡೆ ಧಗಧಗ ಎನ್ನುತ್ತಿದೆ. ಹೊಂಗೆಯ ನೆರಳು ಕೈಮಾಡಿ ಕರೆದರೂ ಒಬ್ಬರೂ ಅತ್ತ ಹೋಗುವುದಿಲ್ಲ. ನಂದೀಶ್ವರಯ್ಯನವರೂ ತಲೆಗೆ ಟವೆಲು ಹಾಕಿ ಬಿಸಿಲಲ್ಲೇ ನಿಂತಿದ್ದಾರೆ. ಸಹನಾ ಅದೇ ಕಲ್ಲಿನ ಪಕ್ಕ ಕಾಲೂರಿ ಬಡಿಯುತ್ತಾಳೆ. ಬೆಳಗಿನ ಲಯಕ್ಕೆ ಬಡಿದರೆ ಪ್ರತಿಧ್ವನಿ ಮುಂಚೆಯೇ ಬಂದುಬಿಡುತ್ತದೆ! ಅವಳು ಕೈ ಚುರುಕು ಮಾಡುತ್ತಾಳೆ. ಪ್ರತಿಧ್ವನಿ ಮತ್ತೆ ಏಟಿನೊಳಗೆ ಅಡಗುತ್ತದೆ. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು.

ತೊಂಬತ್ತೇಳು ಸೆಕೆಂಡು.

ಮಕ್ಕಳು ಹಾಕಿದ ಕೇಕೆಯನ್ನು ಬೆಟ್ಟವೂ ಹಾಕುತ್ತದೆ. ಕಣ್ಣಿಗೆ ಕಾಣದ ಗಾಳಿ ಬಿಸಿಯಾದದ್ದನ್ನು ಎರಡು ಮರದ ತುಂಡಿನಲ್ಲಿ ಕೇಳಿಸಿಕೊಂಡ ಮಕ್ಕಳಿವರು. ಪುಷ್ಪಾವತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. “ಲ್ಯಾಪ್‌ಟಾಪು ತೆಗ್ಯಮ್ಮ,” ಎನ್ನುತ್ತಾರೆ ನಂದೀಶ್ವರಯ್ಯ.

ಸಹನಾ ಮಾತ್ರ ಕಲ್ಲು ಬಿಟ್ಟು ಕದಲುವುದಿಲ್ಲ. “ಒಂದ್ಸಲ ಬಂದ್ರೆ ಸಾಕಾ ಮಿಸ್? ನಾಳೆನೂ ಇಂಗೇ ಬರ್ತೈತಾ?”

ಮುಂದಿನ ವರ್ಷ ಈ ಶಾಲೆಯಲ್ಲಿ ಇರುತ್ತಾರೋ ಇಲ್ಲವೋ ಪುಷ್ಪಾವತಿಯವರಿಗೇ ಗೊತ್ತಿಲ್ಲ. “ನನ್ನ ಜಾಗಕ್ಕೆ ಯಾರೇ ಬರ್ಲಿ, ಈ ಹುಡ್ಗಿ ಕೇಳೋದನ್ನ ನಿಲ್ಲಿಸ್ದೆ ಇದ್ರೆ ಸಾಕು. ನಂಗಿನ್ನೇನು ಬೇಕು?” ಎಂದು ಪ್ರೊಜೆಕ್ಟರಿನ ಚೀಲ ಹೆಗಲಿಗೇರಿಸುತ್ತಾರೆ. ಆಮೇಲೆ ಸಹನಾಳತ್ತ ತಿರುಗಿ ಕೂಗುತ್ತಾರೆ:

“ಆ ಕಲ್ಲು ಕೀಳಬ್ಯಾಡ ಕಣೇ. ನಾಳೆನೂ ಮೊದಲ್ನೇ ಬಸ್ಸಿಗೇ ಬರ್ತೀನಿ.”