ಎಡಗಿವಿಯ ಮೇಲೊಂದು ಪೆನ್ಸಿಲ್

ಅವರ ಎಡಗಿವಿಯ ಮೇಲೆ ಯಾವಾಗಲೂ ಒಂದು ಮೋಟು ಪೆನ್ಸಿಲ್ ಸಿಕ್ಕಿಸಿರುತ್ತಿತ್ತು. ಕೆಂಪು ಬಣ್ಣವೆಲ್ಲ ಹೋಗಿ ಮರ ಕಾಣುತ್ತಿದ್ದ, ಚಾಕುವಿನಲ್ಲಿ ಹೆರೆದ ಪೆನ್ಸಿಲ್. ಮೊದಲ ಸಲ ಬಾಗಿಲಲ್ಲಿ ನಿಂತಾಗ ಬಡಗಿ ಎಂದುಕೊಂಡು, ಮರದ ಕೆಲಸ ಮುಗಿದು ತಿಂಗಳಾಯಿತಲ್ಲ ಎಂದು ವಾಪಸ್ ಕಳಿಸಲು ಹೊರಟಿದ್ದೆ. ಅವರು ನಗುತ್ತ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, ಸ್ಪೀಕರ್ ಕೂರಿಸಲು ಸಾರ್ ಕರೆದಿದ್ದಾರೆ ಎಂದರು. ಒಳಗೆ ಕಾಲಿಡುವಾಗ ಅಂಗಿಯ ಜೇಬಿನಲ್ಲಿ ಏನೋ ಗಿಲಿಗಿಲಿ ಎಂದಿತು.

ಚಿಕ್ಕಜಾಲದ ಕಡೆಯವರು. ಹಿಂದೆ ಮದುವೆಗೆ, ಗಣೇಶನ ಪೆಂಡಾಲಿಗೆ ಮೈಕ್‌ಸೆಟ್ ಹಾಕುತ್ತಿದ್ದರಂತೆ. ಹೊಲಗಳೆಲ್ಲ ಲೇಔಟ್ ಆಗಿ, ಲೇಔಟಿನ ಮನೆಗಳಿಗೆ ಹೋಂ ಥಿಯೇಟರ್ ಬಂದ ಮೇಲೆ ಅವರೂ ಕಂಬದಿಂದ ಇಳಿದು ನಡುಮನೆಯೊಳಕ್ಕೆ ಬಂದರು. ಕೆಲಸ ಬದಲಾದರೂ ಹೆಸರು ಬದಲಾಗಲಿಲ್ಲ. ಯಲಹಂಕದಿಂದ ರಾಜಾನುಕುಂಟೆಯವರೆಗೆ ಎಲ್ಲರಿಗೂ ಅವರು ಮೈಕ್‌ಸೆಟ್‌ನವರೇ.

ನಮ್ಮದು ಶೆಟ್ಟಿಹಳ್ಳಿ. ಹೊಸ ಮನೆ ಕಟ್ಟಿದ ಮೇಲೆ ನನ್ನ ಗಂಡನಿಗೆ ಹಿಡಿದ ಹುಚ್ಚು ಈ ಹೋಂ ಥಿಯೇಟರ್. ಮುಂದೆ ಮೂರು, ಹಿಂದೆ ಎರಡು, ಮೂಲೆಯಲ್ಲೊಂದು ಗುಡುಗುವ ಪೆಟ್ಟಿಗೆ. ನನಗೆ ಅದರ ಮೇಲೆ ಎಳ್ಳಷ್ಟೂ ಮನಸ್ಸಿರಲಿಲ್ಲ. ನನ್ನ ತಲೆನೋವೇ ಬೇರೆಯಿತ್ತು. ಅದು ನಮ್ಮ ಅತ್ತೆ.

ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ನಮ್ಮ ಅಡುಗೆಮನೆಯಲ್ಲಿ ಒಲೆಯ ಬಲಕ್ಕೆ ಸಿಂಕ್. ನಾನು ಸಿಂಕಿನ ಹತ್ತಿರ ನಿಂತು, ಮೂರು ಕೂಗಿದ ಮೇಲೆ ಕುಕ್ಕರ್ ಆರಿಸಿ ಎನ್ನುತ್ತಿದ್ದೆ. ಒಲೆಯ ಮುಂದಿದ್ದ ಅತ್ತೆ ಆರಿಸುತ್ತಿರಲಿಲ್ಲ. ಬೇಳೆ ಸೀದುಹೋಗುತ್ತಿತ್ತು. ಹೇಳಿದೆನಲ್ಲ ಎಂದು ನಾನು ಸಿಡುಕಿದರೆ, ಯಾವಾಗ ಹೇಳಿದೆ ಎಂದು ಮಿಕಮಿಕ ನೋಡುತ್ತಿದ್ದರು. ಒಮ್ಮೆ ಹಾಲಿನ ಬೂತಿಗೆ ಹೋದಾಗ ಬೈಕೊಂದು ಮೈಮೇಲೆ ಬರುವುದು ಸ್ವಲ್ಪದರಲ್ಲಿ ತಪ್ಪಿತು. ಅಂದಿನಿಂದ ಒಬ್ಬರೇ ಹೊರಗೆ ಹೋಗಕೂಡದು, ಗ್ಯಾಸ್ ಹಚ್ಚಕೂಡದು ಎಂದು ಕಟ್ಟುಮಾಡಿದೆವು. ನಲವತ್ತು ವರ್ಷ ಮನೆಮಂದಿಗೆ ಬೇಯಿಸಿ ಬಡಿಸಿದ ಹೆಂಗಸು ಅಡುಗೆಮನೆ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂತು ಎಂದು ನಾನೂ ಒಳಗೊಳಗೇ ಬೀಗಿದ್ದೆನೋ ಏನೋ. ಈಗ ಇಲ್ಲವೆಂದರೆ ಯಾರು ನಂಬುತ್ತಾರೆ?

ಮೈಕ್‌ಸೆಟ್‌ನವರು ಬಂದವರೇ ಪೆಟ್ಟಿಗೆ ಬಿಚ್ಚಲಿಲ್ಲ. ದಿನಾ ಟಿವಿ ನೋಡುವಾಗ ಯಾರು ಎಲ್ಲಿ ಕೂರುತ್ತೀರೋ ಅಲ್ಲೇ ಕೂರಿ ಎಂದರು. ನನ್ನ ಗಂಡ ಮೊಬೈಲಿನಲ್ಲಿ ಯಾವುದೋ ನಕ್ಷೆ ತೋರಿಸಿ, ಹಿಂದಿನ ಸ್ಪೀಕರ್ ಇಷ್ಟೇ ಕೋನದಲ್ಲಿರಬೇಕು ಎಂದು ಪಾಠ ಶುರುಮಾಡಿದರು. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು:

"ಸ್ಪೀಕರು ಗೋಡೆಗಲ್ಲ ಸಾರ್ ಆಕೋದು, ಕೂತಿರೋರಿಗೆ."

ಆಮೇಲೆ ಜೇಬಿನಿಂದ ತೆಗೆದರು ನೋಡಿ, ನೋವಿನ ಮುಲಾಮಿನ ಖಾಲಿ ಡಬ್ಬಿ. ಒಳಗೆ ಒಂದು ಚಿಟಿಕೆ ರಾಗಿ. ಎಲ್ಲರೂ ಕಣ್ಣು ಮುಚ್ಚಬೇಕು, ಅವರು ಒಂದೊಂದು ಮೂಲೆಯಲ್ಲಿ ನಿಂತು ಡಬ್ಬಿ ಅಲ್ಲಾಡಿಸಿದಾಗ ಸದ್ದು ಬಂದ ಕಡೆ ಬೆರಳು ತೋರಿಸಬೇಕು. ನಾವು ತೋರಿಸಿದ್ದನ್ನು ನೋಡಿಕೊಂಡು ಅವರು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಇಷ್ಟು ದುಬಾರಿ ಸಾಮಾನಿಗೆ ರಾಗಿ ಡಬ್ಬಿಯ ಪರೀಕ್ಷೆಯೇ ಎಂದು ನನಗೆ ನಗು.

ಅತ್ತೆಯನ್ನೂ ಬಿಡಲಿಲ್ಲ. ನನ್ನನ್ನೇನು ಲೆಕ್ಕಕ್ಕೆ ಹಿಡೀತೀಯಪ್ಪ ಎಂದು ಅವರು ಕೊಸರಿದರೂ, ನೀವೂ ಕೂತ್ಕೊತೀರಲ್ಲಕ್ಕ ಎಂದು ಕಣ್ಣು ಮುಚ್ಚಿಸಿದರು. ಮುಂದಿನ ಮೂಲೆಯಲ್ಲಿ ಡಬ್ಬಿ ಸದ್ದಾಯಿತು. ಅತ್ತೆ ಎಡಕ್ಕೆ ತೋರಿಸಿದರು. ಹಿಂದಿನಿಂದ ಬಂತು, ಎಡಕ್ಕೇ ತೋರಿಸಿದರು. ಬಲಕ್ಕೆ ಬಂದು ಅಲ್ಲಾಡಿಸಿದರೂ ಬೆರಳು ಎಡಕ್ಕೇ. ನನ್ನ ಗಂಡ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅದನ್ನು ಬರೆಯದೆ ಬಿಟ್ಟರೆ ಉಳಿದಿದ್ದನ್ನೆಲ್ಲ ಬರೆದೂ ಸುಖವಿಲ್ಲ.

ಮೈಕ್‌ಸೆಟ್‌ನವರು ನಗಲಿಲ್ಲ. ಏಣಿ ಬೇಕು ಎಂದು ನನ್ನ ಗಂಡನನ್ನು ಮಹಡಿಗೆ ಕಳಿಸಿದರು. ಅತ್ತೆಯ ಎಡಗಿವಿಯನ್ನು ಅವರ ಕೈಯಿಂದಲೇ ಮುಚ್ಚಿಸಿ, ಬಲಗಿವಿಯ ಪಕ್ಕದಲ್ಲೇ ಡಬ್ಬಿ ಹಿಡಿದು ಜೋರಾಗಿ ಅಲ್ಲಾಡಿಸಿದರು. ನಾನು ಎದುರಿನ ಗೋಡೆಯ ಬಳಿ ನಿಂತು ನೋಡುತ್ತಿದ್ದೆ. ಅಲ್ಲಿಗೂ ಗಿಲಿಗಿಲಿ ಕೇಳುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ವಿಧೇಯರಾಗಿ ಕಾದರು. ಕೊನೆಗೆ ಕೇಳಿದರು:

"ಇನ್ನೂ ಶುರು ಮಾಡ್ನಿಲ್ವೇನಪ್ಪ?"



ಕಾಫಿ ಕೊಡಲು ಹೋದಾಗ ಅವರು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಲೋಟ ತೆಗೆದುಕೊಂಡು ತಗ್ಗಿದ ದನಿಯಲ್ಲಿ ಹೇಳಿದರು: "ತಾಯಿ, ನಿಮ್ಮತ್ತೆಗೆ ಮರೆವಲ್ಲ. ಬಲಗಿವಿ ಓಗೈತೆ." ಡಾಕ್ಟರಿಗಿಂತ ಮೊದಲು ನಿಮಗೆ ಹೇಗೆ ಗೊತ್ತು ಎಂದು ನಾನು ಸ್ವಲ್ಪ ಖಾರವಾಗಿಯೇ ಕೇಳಿದೆ. ತಪ್ಪು ಸಿಕ್ಕಿಬಿದ್ದಾಗ ನನ್ನ ಬಾಯಿ ಹಾಗೆಯೇ. ಅವರು ಎಡಗಿವಿಯ ಪೆನ್ಸಿಲ್ ತೆಗೆದು ಅಂಗೈಯಲ್ಲಿ ಹಿಡಿದರು.

"ಈ ಕಿವಿ ಪೆನ್ಸಿಲ್ ಇಕ್ಕೋಕಷ್ಟೇ ತಾಯಿ. ಆರ್ನ್ ಸ್ಪೀಕರ್ ಪಕ್ಕ ಕೂತು ಕೂತು ಓಯ್ತು. ನಂಗೂ ಇಂಗೇ, ಎಲ್ಲಾ ಸದ್ದೂ ಒಂದೇ ಕಡೆಯಿಂದ ಬಂದಂಗಾಯ್ತದೆ. ಅದಕ್ಕೇ ಈ ಡಬ್ಬಿ. ನಿಮ್ ಕಿವೀಲಿ ನಾನು ಕೇಳುಸ್ಕೋತೀನಿ."

ಯಾರ ಮುಂದೆಯೂ ಅನ್ನಬೇಡಿ, ಸೌಂಡಿನವನಿಗೇ ಕಿವಿಯಿಲ್ಲ ಅಂದರೆ ಯಾರು ಕೆಲಸಕ್ಕೆ ಕರೆಯುತ್ತಾರೆ ಎಂದು ಕೇಳಿಕೊಂಡರು. ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ಸುಮ್ಮನೆ ಸ್ಪೀಕರ್ ಕೂರಿಸಿ ಹೋಗಬಹುದಾಗಿತ್ತು. ಗುರುತಿಲ್ಲದ ಮನೆಯ ಹೆಂಗಸಿಗಾಗಿ ತಮ್ಮ ಅನ್ನದ ಗುಟ್ಟನ್ನೇ ನನ್ನ ಕೈಯಲ್ಲಿ ಇಟ್ಟರಲ್ಲ, ಅದಕ್ಕೆ ನಾನು ಏನು ಕೊಡಲಿ?

ಕಿವಿಯ ಡಾಕ್ಟರು ಅವರ ಮಾತನ್ನೇ ಹೇಳಿದರು. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಯೂ ಸ್ವಲ್ಪ ಮಂದವಾಗಿತ್ತು, ತಲೆ ಮಾತ್ರ ಚೊಕ್ಕವಾಗಿತ್ತು. ಎಡಗಿವಿಗೆ ಮೆಷಿನ್ ಬಂತು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು, "ನಂಗೆ ಬುದ್ಧಿ ಕೆಟ್ಟೋಯ್ತು ಅಂತ ನಾನೂ ಒಪ್ಕೊಂಡ್ಬಿಟ್ಟಿದ್ದೆ ಕಣಮ್ಮ" ಎಂದರು. ಜಾಲಹಳ್ಳಿ ಕ್ರಾಸಿನವರೆಗೂ ನನಗೆ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದು ಮೊದಲು ಮಾಡಿದ್ದು ಲೈಟರ್ ಅವರ ಕೈಗೆ ಕೊಟ್ಟಿದ್ದು. ಅವತ್ತಿನ ಬಸ್ಸಾರಿಗೆ ಖಾರ ಜಾಸ್ತಿಯಾಗಿತ್ತು. ಯಾರೂ ಸೊಲ್ಲೆತ್ತದೆ ಉಂಡೆವು.

ಮೈಕ್‌ಸೆಟ್‌ನವರು ಮತ್ತೆ ಬಂದು, ಮಾತು ಬರುವ ನಡುವಿನ ಸ್ಪೀಕರನ್ನು ಅತ್ತೆಯ ಕುರ್ಚಿಯ ಕಡೆ ತಿರುಗಿಸಿದರು. ನನ್ನ ಗಂಡ ನಕ್ಷೆಯ ಸುದ್ದಿ ಎತ್ತಲಿಲ್ಲ. ಆಮೇಲೆ ಆ ದಾರಿಯಲ್ಲಿ ಬಂದಾಗಲೆಲ್ಲ, ಧೂಳು ಒರೆಸಿ ಹೋಗ್ತೀನಿ ಎಂಬ ನೆಪ ಹೇಳಿಕೊಂಡು ಬರುತ್ತಿದ್ದರು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ತರುತ್ತಿದ್ದರು. ಅತ್ತೆ ಮತ್ತು ಅವರು ಮೆಟ್ಟಿಲ ಮೇಲೆ ಕೂತು ಕಾಯಿ ಬಿಡಿಸುತ್ತ ಊರಿನ ಹಳೇ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದರು. ನಾನು ಕೊಟ್ಟ ಮಾತಿನಂತೆ ಅವರ ಗುಟ್ಟನ್ನು ಗಂಡನಿಗಾಗಲಿ ಅತ್ತೆಗಾಗಲಿ ಹೇಳಲಿಲ್ಲ. ನನ್ನಂಥ ಬಾಯಿಬಡುಕಿಗೆ ಅದೇನು ಸಣ್ಣ ವ್ರತವಲ್ಲ.

ಹೋದ ಅವರೆಕಾಯಿ ಕಾಲದಲ್ಲಿ ಅವರು ಬರಲಿಲ್ಲ. ಎದೆನೋವೆಂದು ಮಲಗಿದವರು ಏಳಲಿಲ್ಲವೆಂದು ಸುದ್ದಿ ಬಂತು. ತಿಥಿಯ ದಿನ ಚಿಕ್ಕಜಾಲದಾಚೆ ಅವರ ಮನೆಗೆ ಅತ್ತೆಯನ್ನು ಕರೆದುಕೊಂಡು ಹೋದೆ. ಫೋಟೋದ ಮುಂದೆ ಆ ಪೆನ್ಸಿಲನ್ನೂ ಇಟ್ಟಿದ್ದರು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಏನ್ ಕಿವಿ ಕಣ್ರೀ ಆ ಮನುಷ್ಯಂದು, ಇನ್ನೊಬ್ಬರಿಗೆ ಬರಲ್ಲ. ಅತ್ತೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು.

"ಒಂದೇ ಕಿವೀಲಿ ಅಷ್ಟು ಮಾಡ್ದ."

ಯಾರು ಹೇಳಿದರು ನಿಮಗೆ ಎಂದೆ, ಬೆಚ್ಚಿ.

"ಯಾರ್ ಯೋಳ್ಬೇಕು? ಯಾವಾಗ್ಲೂ ನನ್ ಎಡಕ್ಕೇ ಬಂದು ಕೂರೋನು. ನಂಗೋಸ್ಕರ ಅನ್ಕಂಡಿದ್ದೆ. ಒಂದಿನ ಬೇಕಂತಲೇ ನಾನು ಜಾಗ ಬದಲಾಯ್ಸಿ ಅವ್ನ ಎಡಕ್ಕೆ ಕೂತೆ. ಇಬ್ರಿಗೂ ಏನೂ ಕೇಳುಸ್ನಿಲ್ಲ. ಇಬ್ರೂ ನಕ್ಕೊಂಡು ಸುಮ್ಕಾದೋ."

ಇನ್ನು ಅವರನ್ನು ಕೆಲಸಕ್ಕೆ ಕರೆಯುವವರಿಲ್ಲ. ಆ ಧೈರ್ಯದ ಮೇಲೆ ಇಷ್ಟನ್ನೂ ಬರೆದಿದ್ದೇನೆ.

ಈ ವರ್ಷದ ಅವರೆಕಾಯಿಯನ್ನು ನಾನೇ ಯಲಹಂಕದ ಸಂತೆಯಿಂದ ತಂದೆ. ಅತ್ತೆ ಮೆಟ್ಟಿಲಿನ ಬಲತುದಿಯಲ್ಲಿ ಕೂತು ಎಡಕ್ಕೆ ಜಾಗ ಬಿಟ್ಟಿದ್ದರು. ಆಗೆಲ್ಲ ಅವರ ಬಲಕ್ಕೆ ನಿಂತು ಬೈದವಳು ನಾನು. ಮೊರ ತೆಗೆದುಕೊಂಡು ಹೋಗಿ ಎಡಕ್ಕೆ ಕೂತೆ.